ಡ್ಯಾಜ್ ಪಾತ್ರ, ಹಿಂದೆ ಬೆಟ್ಟ: ಎಲ್ಲಿ ಸೇರಿಸುವುದು?

ಡ್ಯಾಜ್ ಸ್ಟುಡಿಯೋದಲ್ಲಿ (3ಡಿ ಮನುಷ್ಯ ಪಾತ್ರ ಮಾಡುವ ಸಾಫ್ಟ್‌ವೇರ್) ಪಾತ್ರ ಸಿದ್ಧವಿದೆ, ಹಿಂದೆ ಬೆಟ್ಟದ ದೃಶ್ಯ ಬೇಕು. ಪಾತ್ರವನ್ನು ಬ್ಲೆಂಡರ್‌ಗೆ (ಎಲ್ಲ ಬಗೆಯ 3ಡಿ ಕೆಲಸದ ಸಾಫ್ಟ್‌ವೇರ್) ಒಯ್ಯಬೇಕಾ, ಟೆರಾಜೆನ್‌ಗಾ (ಬೆಟ್ಟ, ಆಕಾಶದಂಥ ಪ್ರಕೃತಿ ದೃಶ್ಯ ಮಾಡುವ ಸಾಫ್ಟ್‌ವೇರ್), ಇಲ್ಲಾ ಪಾತ್ರ, ಬೆಟ್ಟ ಎರಡನ್ನೂ ಬೇರೆ ಬೇರೆ ರೆಂಡರ್ ಮಾಡಿ (ಅಂದರೆ 3ಡಿ ದೃಶ್ಯದಿಂದ ಚಿತ್ರ ತೆಗೆದು) ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಅಂಟಿಸಬೇಕಾ ಅಂತ ಕೇಳಿದ್ದೀರಿ.

ಖರ್ಚಿನ ಚಿಂತೆ ಕಡಿಮೆ. ಬ್ಲೆಂಡರ್, ಗಿಂಪ್ ಪೂರ್ತಿ ಉಚಿತ. ಟೆರಾಜೆನ್‌ಗೂ ಉಚಿತ ಆವೃತ್ತಿ ಇದೆ, ಆದರೆ ಅದು ವ್ಯಾಪಾರದ ಕೆಲಸಕ್ಕಲ್ಲ.

ನಿಜವಾದ ತಲೆನೋವು ಬೆಳಕು ಮತ್ತು ನೆಲ. ಅಂಟಿಸುವುದಾದರೆ ಸೂರ್ಯನ ದಿಕ್ಕು, ಕ್ಯಾಮೆರಾದ ಎತ್ತರ, ಫೋಕಲ್ ಲೆಂತ್ (ಲೆನ್ಸ್ ಎಷ್ಟು ಅಗಲ ನೋಡುತ್ತದೆ ಅನ್ನುವ ಅಳತೆ) ಎರಡೂ ಕಡೆ ಒಂದೇ ಇರಬೇಕು. ಕಾಲಡಿಯ ನೆರಳನ್ನು ನೀವೇ ಹೊಂದಿಸಬೇಕು. ಪಾದ ಹುಲ್ಲಿನಲ್ಲಿ ಮುಳುಗಬೇಕಾದರಂತೂ ಕೇಳಲೇಬೇಡಿ.

ಬ್ಲೆಂಡರ್ ಅಥವಾ ಟೆರಾಜೆನ್‌ನಲ್ಲಿ ಒಂದೇ ದೃಶ್ಯದಲ್ಲಿ ಸೇರಿಸಿದರೆ ನೆರಳು ತಾನಾಗಿಯೇ ಬೀಳುತ್ತದೆ. ಆದರೆ ಚರ್ಮ, ಕೂದಲು ಕೆಡುತ್ತವೆ. ಡ್ಯಾಜ್‌ನಲ್ಲಿ ಚಿತ್ರ ತೆಗೆಯುವ ಐರೇ ರೆಂಡರರ್‌ಗೆ ಹೊಂದಿಸಿದ ಮೆಟೀರಿಯಲ್ (ಮೇಲ್ಮೈಯ ಬಣ್ಣ, ಹೊಳಪಿನ ಸೆಟ್ಟಿಂಗ್) ಬೇರೆ ಕಡೆ ಹಾಗೇ ಬರುವುದಿಲ್ಲ. ಡ್ಯಾಜ್‌ನ ಬ್ರಿಡ್ಜ್ ಎಂಬ ಪ್ಲಗಿನ್ ಬ್ಲೆಂಡರ್‌ಗೆ ಪಾತ್ರವನ್ನು ಮೂಳೆ (ಕೈಕಾಲು ಬಾಗಿಸುವ ಒಳ ಚೌಕಟ್ಟು) ಸಮೇತ ಕಳಿಸುತ್ತದೆ, ಭಂಗಿಯನ್ನು ಅಲ್ಲೇ ತಿದ್ದಬಹುದು. ಟೆರಾಜೆನ್‌ಗೆ ಹೋಗುವ ಒಬಿಜೆ (ಮೂಳೆಯಿಲ್ಲದ 3ಡಿ ಆಕಾರದ) ಫೈಲ್ ಕಲ್ಲಿನ ಬೊಂಬೆ ಇದ್ದ ಹಾಗೆ. ಕೈ ಸ್ವಲ್ಪ ಎತ್ತಬೇಕೆಂದರೂ ಮತ್ತೆ ಡ್ಯಾಜ್‌ಗೇ ಹೋಗಬೇಕು.

ಮುಖ ದೊಡ್ಡದಾಗಿ, ಸೊಂಟದವರೆಗೆ ಮಾತ್ರ ಕಾಣುವುದಾದರೆ ಸುಮ್ನೆ ಅಂಟಿಸಿ. ವಿಶಾಲ ಕಣಿವೆ, ಮೋಡ, ಮೂಲೆಯಲ್ಲೊಂದು ಪುಟ್ಟ ಆಳು ಇದ್ದರೆ ಟೆರಾಜೆನ್. ಪಾತ್ರ ಕಾಡೊಳಗೆ ನಡೆಯಬೇಕು, ಕಲಿಯುವ ತಾಳ್ಮೆಯೂ ಇದೆ ಅಂದರೆ ಬ್ಲೆಂಡರ್.