ಸಿಕೆಎಗೆ ಮುಂಚೆ ಕಿಲ್ಲರ್ ಎಸ್‌ಎಚ್: ಎರಡು ಸಲ ಕೂತು ನೋಡಿದ್ದು

ಹಲವು ಕಂಪ್ಯೂಟರುಗಳ ಮೇಲೆ ಸಾಫ್ಟ್‌ವೇರ್ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ ಕುಬರ್ನೆಟಿಸ್. ಅದರ ಅಡ್ಮಿನಿಸ್ಟ್ರೇಟರ್ ಸರ್ಟಿಫಿಕೇಟಿನ ಪರೀಕ್ಷೆಯಾದ ಸಿಕೆಎಗೆ ದುಡ್ಡು ಕಟ್ಟಿದರೆ ಅದರ ಜೊತೆಗೇ ಕಿಲ್ಲರ್ ಎಸ್‌ಎಚ್‌ನ ಮಾಕ್ ಟೆಸ್ಟ್ ಎರಡು ಸಲ ಸಿಗುತ್ತದೆ. ಮೊದಲನೆಯದಕ್ಕೆ ಒಂದು ಶನಿವಾರ ಬೆಳಿಗ್ಗೆ, ಉಪ್ಪಿಟ್ಟು ತಿಂದು, ಭಾರಿ ಧೈರ್ಯದಲ್ಲಿ ಕೂತೆ.

ಧೈರ್ಯಕ್ಕೆ ಕಾರಣವಿತ್ತು. ಅಷ್ಟರಲ್ಲಿ ಒಂದು ಆ್ಯಪ್‌ನ ಆಬ್ಜೆಕ್ಟಿವ್ ಪ್ರಶ್ನೆಗಳಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆದಿದ್ದೆ. ಹೆಸರು ಬೇಡ ಬಿಡಿ. ಸಿಕೆಎಯಲ್ಲಿ ಆಬ್ಜೆಕ್ಟಿವ್ ಪ್ರಶ್ನೆಯೇ ಇಲ್ಲ! ಎರಡು ಗಂಟೆ, ಕಮಾಂಡ್ ಟೈಪ್ ಮಾಡಲು ಒಂದು ಟರ್ಮಿನಲ್, ಕೆಟ್ಟು ಕೂತಿರುವ ಕ್ಲಸ್ಟರ್ (ಕುಬರ್ನೆಟಿಸ್ ನಡೆಸುವ ಮಷೀನುಗಳ ಗುಂಪು). ಪಾಸಾಗಲು 66% ಬೇಕು. ಟ್ರಬಲ್‌ಶೂಟಿಂಗ್ ಒಂದಕ್ಕೇ 30% ಅಂಕ.

ಎರಡು ಗಂಟೆ ಮುಗಿದಾಗ ಅರ್ಧ ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. ಒಂದು ನೋಡ್, ಅಂದರೆ ಕ್ಲಸ್ಟರಿನ ಒಂದು ಮಷೀನು, 'ನಾಟ್ ರೆಡಿ' ಅಂತ ತೋರಿಸುತ್ತಿತ್ತು. 25 ನಿಮಿಷ ಕ್ಲಸ್ಟರಿಗೆ ಆಜ್ಞೆ ಕೊಡುವ ಕ್ಯೂಬ್‌ಸಿಟಿಎಲ್ ಕಮಾಂಡ್‌ನಲ್ಲೇ ಒದ್ದಾಡಿದೆ. ಆ ಮಷೀನಿಗೆ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಲಾಗಿನ್ ಆಗಿ), ಪ್ರತಿ ನೋಡ್‌ನಲ್ಲೂ ಕುಬರ್ನೆಟಿಸ್ ಪರವಾಗಿ ಕೆಲಸ ಮಾಡುವ ಕ್ಯೂಬ್‌ಲೆಟ್ ಓಡ್ತಾ ಇದೆಯಾ ಅಂತ ನೋಡಬೇಕು ಅನ್ನುವುದೇ ಹೊಳೆಯಲಿಲ್ಲ. ಓದಿದ್ದೆ, ಗೊತ್ತಿತ್ತು. ಕೈಗೆ ಬರಲಿಲ್ಲ ಅಷ್ಟೆ.

ಕೊಟ್ಟ ದುಡ್ಡು ವಸೂಲಾಗುವುದು ಆ ಎರಡು ಗಂಟೆ ಮುಗಿದ ಮೇಲೆ. ಶುರು ಮಾಡಿದಾಗಿನಿಂದ 36 ಗಂಟೆ ಅದೇ ಕ್ಲಸ್ಟರ್ ನಿಮ್ಮದು. ಉತ್ತರಗಳನ್ನು ಬಿಡಿಸಿ ಬರೆದಿರುತ್ತಾರೆ. ನಾನು ಭಾನುವಾರ ಸಂಜೆವರೆಗೂ ತಪ್ಪಿದ್ದನ್ನೇ ಮತ್ತೆ ಮತ್ತೆ ಮಾಡಿದೆ. ಆದರೆ 'ಹೇಗಿದೆ ನೋಡೋಣ' ಅಂತ ಸುಮ್ನೆ ತೆರೆಯಬೇಡಿ. ಆ 36 ಗಂಟೆ ನೀವು ಮಲಗಿದ್ದರೂ ಓಡುತ್ತಿರುತ್ತದೆ.

ಮೂರು ವಾರ ಬಿಟ್ಟು ಎರಡನೆಯದಕ್ಕೆ ಕೂತೆ. ಅಂಕ ಜಾಸ್ತಿ ಬಂತು, ನಿಜ. ನನಗೆ ನಂಬಿಕೆ ಬಂದದ್ದು ಅದರಿಂದಲ್ಲ, ಪ್ರಶ್ನೆಗಳ ಧಾಟಿಯ ಪರಿಚಯವೂ ಇತ್ತಲ್ವಾ. ನೆಟ್‌ವರ್ಕ್ ಪಾಲಿಸಿಯ (ಯಾವುದು ಯಾವುದರ ಜೊತೆ ಮಾತಾಡಬಹುದು ಅನ್ನುವ ನಿಯಮ) ಒಂದು ಪ್ರಶ್ನೆ ಆರು ನಿಮಿಷವಾದರೂ ಬಗ್ಗಲಿಲ್ಲ. ಗುರುತು ಹಾಕಿ ಮುಂದೆ ಹೋದೆ, ಹೊಟ್ಟೆಯಲ್ಲಿ ಏನೂ ಕಲಕಲಿಲ್ಲ. ಕುಬರ್ನೆಟಿಸ್‌ನ ಡಾಕ್ಯುಮೆಂಟೇಶನ್ ತೆರೆದುಕೊಳ್ಳಲು ಪರೀಕ್ಷೆಯಲ್ಲೂ ಬಿಡುತ್ತಾರೆ. ಮೊದಲ ಸಲ ಅಲ್ಲಿ ಕೂತು ಪಾಠ ಓದುತ್ತಿದ್ದೆ. ಈ ಸಲ ಪರ್ಸಿಸ್ಟೆಂಟ್ ವಾಲ್ಯೂಮ್‌ನ (ಡೇಟಾ ಉಳಿಸುವ ಜಾಗ) ಯಾಮಲ್, ಅಂದರೆ ಸೆಟ್ಟಿಂಗ್ ಬರೆಯುವ ಫೈಲಿನ ಮಾದರಿ, ಯಾವ ಪುಟದಲ್ಲಿದೆ ಅಂತ ಗೊತ್ತಿತ್ತು. ಹೋದೆ, ಕಾಪಿ ಮಾಡಿದೆ, ಬಂದೆ. ಅವತ್ತು ರಾತ್ರಿಯೇ ಪರೀಕ್ಷೆಗೆ ದಿನ ಗೊತ್ತು ಮಾಡಿದೆ.

ಅಂದಹಾಗೆ, ಇದು ಅಸಲಿ ಪರೀಕ್ಷೆಗಿಂತ ಕಷ್ಟ. ಅವರೇ ಹಾಗಂತ ಹೇಳುತ್ತಾರೆ. ಮೊದಲ ಅಂಕ ನೋಡಿ ಅಳಬೇಡಿ.

ಸಿಕೆಎ ಶುಲ್ಕದಲ್ಲೇ, ಫೇಲಾದರೆ ಇನ್ನೊಂದು ಸಲ ಬರೆಯಲು ಅವಕಾಶವಿದೆ. ನನ್ನದು ಹಾಗೇ ಉಳಿಯಿತು.