ಬೀಜದಿಂದ ಬೆಳೆಸಲು ಹೆಬ್ಬೇವೋ, ಸಿಲ್ವರ್ ಓಕೋ?

ಬೀಜದಿಂದಲೇ ಸಸಿ ಎಬ್ಬಿಸಬೇಕೆಂದಿರುವವರಿಗೆ ಸಿಲ್ವರ್ ಓಕ್ ಸುಲಭ. ರೆಕ್ಕೆಯುಳ್ಳ ಅದರ ಹಗುರ ಬೀಜವನ್ನು ಮರಳು ಬೆರೆಸಿದ ಮಡಿಯಲ್ಲಿ ಚೆಲ್ಲಿ ತೆಳುವಾಗಿ ಮಣ್ಣು ಮುಚ್ಚಿದರೆ ಮೂರ್ನಾಲ್ಕು ವಾರಗಳಲ್ಲಿ ಮೊಳಕೆ ಕಾಣುತ್ತದೆ. ಹೆಬ್ಬೇವು ಹಾಗಲ್ಲ. ಹಳದಿಗೆ ತಿರುಗಿದ ಹಣ್ಣಿನ ತಿರುಳನ್ನು ಉಜ್ಜಿ ತೊಳೆದಾಗ ಕೈಗೆ ಸಿಗುವುದು ಕಲ್ಲಿನಷ್ಟು ಗಟ್ಟಿಯಾದ ಓಟೆ. ಅದನ್ನು ಸಗಣಿ ಬಗ್ಗಡದಲ್ಲಿ ಕೆಲವು ದಿನ ನೆನೆಸಿ, ಬಿಸಿಲು ಬೀಳುವ ಮಡಿಯಲ್ಲಿ ಬಿತ್ತಿದ ಮೇಲೂ ಎರಡು-ಮೂರು ತಿಂಗಳು ಕಾಯಬೇಕಾಗಬಹುದು, ನೂರು ಓಟೆಗಳಲ್ಲಿ ಕಾಲು ಭಾಗ ಮೊಳೆತರೂ ಅದನ್ನು ಒಳ್ಳೆಯ ಫಲವೆಂದೇ ಎಣಿಸಬೇಕು. ಆದರೆ ನೆಲಕ್ಕಿಳಿದ ಮೇಲೆ, ನೀರಿನ ಅನುಕೂಲವಿರುವ ಬಯಲುಸೀಮೆಯ ಹೊಲದಲ್ಲಿ 6ರಿಂದ 8 ವರ್ಷಕ್ಕೆ ಪ್ಲೈವುಡ್ಡಿಗೆ ಕಡಿಯುವಷ್ಟು ದಪ್ಪವಾಗುವುದು ಹೆಬ್ಬೇವೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನೆರಳೂ ಬೇಕು, ಕಾಳುಮೆಣಸಿನ ಬಳ್ಳಿಗೆ ಆಸರೆಯೂ ಬೇಕು ಎನ್ನುವವರು ಸಿಲ್ವರ್ ಓಕನ್ನೇ ಆರಿಸಿಕೊಳ್ಳುವುದು ಸರಿ.