ಬೈಕಿಗೆ ಹೆಚ್ಚುವರಿ ದೀಪ: ಬಿಳಿಯೋ, ಹಳದಿಯೋ?

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಬನಶಂಕರಿಗೆ ಹೊರಟಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ ಕಳೆಯುವವರೆಗೆ ಬೀದಿದೀಪ ಅಪರೂಪ. ಕಳೆದ ವರ್ಷ ಬಣ್ಣ ಬಳಿಯದ ಉಬ್ಬೊಂದು ಕಾಣದೆ ಬೈಕ್ ನೆಗೆಯಿತು. ಬೀಳಲಿಲ್ಲ, ಆದರೆ ಮನೆ ಮುಟ್ಟುವವರೆಗೂ ಕೈ ನಡುಗುತ್ತಿತ್ತು. ಆ ವಾರವೇ ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ.

ಮೊದಲು ಹೆಡ್‌ಲೈಟಿನ ಹ್ಯಾಲೊಜೆನ್ ಬಲ್ಬ್ ತೆಗೆಸಿ ಎಲ್‌ಇಡಿ ಬಲ್ಬ್ ಹಾಕಿಸಿದೆ. ಇಟ್ಟುಕೊಂಡದ್ದು ನಾಲ್ಕೇ ದಿನ. ಬಲ್ಬಿನ ಹಿಂದಿನ ಹೊಳಪಿನ ಬಟ್ಟಲು, ಅಂದರೆ ರಿಫ್ಲೆಕ್ಟರ್, ಇರುವುದು ಹ್ಯಾಲೊಜೆನ್ ತಂತಿಯ ಲೆಕ್ಕಕ್ಕೆ; ಎಲ್‌ಇಡಿ ಬೆಳಕು ಅದರಲ್ಲಿ ಚೆದುರಿ ಮರದ ಕೊಂಬೆಗಳನ್ನು ಬೆಳಗಿತು, ರಸ್ತೆಯನ್ನಲ್ಲ.

ನಂತರ ಲೆಗ್ ಗಾರ್ಡಿಗೆ ತಲಾ 20 ವ್ಯಾಟಿನ ಎರಡು ಬಿಳಿ ಸ್ಪಾಟ್ ದೀಪ. ಒಣ ರಾತ್ರಿ, ಖಾಲಿ ರಸ್ತೆ, ನೇರ ದಾರಿಯಲ್ಲಿ ಇವಕ್ಕೆ ಸಾಟಿಯಿಲ್ಲ. ದೂರದಲ್ಲಿ ಮಲಗಿದ ಹಸುವಿನ ಕಣ್ಣು ಮಿನುಗುವುದೂ ಕಾಣುತ್ತಿತ್ತು. ಆದರೆ ಬೆಳಕಿನ ಕೋಲಿನ ಅಕ್ಕಪಕ್ಕ ಮೊದಲಿಗಿಂತ ಕಗ್ಗತ್ತಲು. ಲೆಗ್ ಗಾರ್ಡಿನಲ್ಲಿರುವ ದೀಪ ಹ್ಯಾಂಡಲ್ ಜೊತೆ ತಿರುಗುವುದಿಲ್ಲವಾದ್ದರಿಂದ ತಿರುವಿನಲ್ಲಿ ಬೆಳಕು ಹೊಲದ ಕಡೆ ಹೋಗುತ್ತಿತ್ತು. ಮಳೆ ಬಂದರೆ ಕಣ್ಣೆದುರು ಬಿಳಿ ಪರದೆ. ಒಂದು ರಾತ್ರಿ ಎದುರು ಬಂದ ಸ್ಕೂಟರ್ ಸವಾರರೊಬ್ಬರು ಕೈಯಿಂದ ಕಣ್ಣು ಮರೆಮಾಡಿಕೊಂಡು ರಸ್ತೆಯ ಅಂಚಿಗೆ ಸರಿದು ನಿಂತೇಬಿಟ್ಟರು. ಹಿಂದೆ ಪುಟ್ಟ ಮಗು ಕುಳಿತಿತ್ತು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದ ಪೊಲೀಸರು 2024ರ ಜುಲೈನಿಂದ ಪ್ರಕರಣ ದಾಖಲಿಸತೊಡಗಿದ್ದು ಸರಿಯಾಗಿಯೇ ಇದೆ.

ಕೊನೆಗೆ ಅಷ್ಟೇ ವ್ಯಾಟಿನ, ಅಗಲಕ್ಕೆ ಹರಡುವ ಹಳದಿ ದೀಪ. ಈ ಸಲ ಕೂರಿಸುವುದನ್ನು ಅಂಗಡಿಯವರಿಗೆ ಬಿಡಲಿಲ್ಲ. ಮನೆಯ ಕಾಂಪೌಂಡ್ ಗೋಡೆಯಿಂದ 25 ಅಡಿ ದೂರ ಬೈಕ್ ನಿಲ್ಲಿಸಿ, ದೀಪದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ನಾನು ಸೀಟಿನ ಮೇಲೆ ಕುಳಿತೆ, ಏಕೆಂದರೆ ಸವಾರನ ಭಾರಕ್ಕೆ ಬೈಕಿನ ಹಿಂಬದಿ ತಗ್ಗಿ ಬೆಳಕು ಮೇಲೇರುತ್ತದೆ. ಬೆಳಕಿನ ಮೇಲಂಚು ಗೆರೆಯಿಂದ ಒಂದು ಗೇಣು ಕೆಳಗಿಳಿದಾಗ ಮಗ ನಟ್ ಬಿಗಿದ.

ವ್ಯತ್ಯಾಸ ಮೊದಲ ರಾತ್ರಿಯೇ ತಿಳಿಯಿತು. ತಗ್ಗಿನಿಂದ ಬೀಳುವ ಬೆಳಕಿಗೆ ಪ್ರತಿ ಗುಂಡಿಗೂ ನೆರಳು ಮೂಡುತ್ತದೆ. ಬಣ್ಣವಿಲ್ಲದ ಉಬ್ಬು ಕೂಡ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ರಸ್ತೆ ಬದಿಯ ಮಣ್ಣಿನ ಅಂಚು, ಪಕ್ಕದಿಂದ ನುಗ್ಗುವ ನಾಯಿ, ಎಲ್ಲವೂ ಕಣ್ಣಿಗೆ ಬೀಳುತ್ತವೆ. ಮಳೆಯಲ್ಲಿಯೂ ಪರದೆ ತೆಳುವಾಯಿತು. ಇದು ಬಣ್ಣದ ಮಹಿಮೆಯೇ ಎಂದು ನೋಡಲು ಬಿಳಿ ಸ್ಪಾಟನ್ನೂ ಅಷ್ಟೇ ಬಗ್ಗಿಸಿ ಕಟ್ಟಿದೆ. ಪರದೆ ಬಹುಪಾಲು ಸರಿಯಿತು, ಅಕ್ಕಪಕ್ಕದ ಕತ್ತಲು ಉಳಿಯಿತು. ಹಾಗಾಗಿ ನನ್ನ ಮಟ್ಟಿಗೆ ಕೋನ ಮತ್ತು ಹರವು ಮೊದಲು, ಬಣ್ಣ ಆಮೇಲೆ.

ವೈರಿಂಗ್ ವಿಷಯದಲ್ಲಿ ಜಿಪುಣತನ ಬೇಡ. ಎರಡು ದೀಪಕ್ಕೆ 40 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ ಮೂರು ಆಂಪಿಯರ್‌ಗೂ ಹೆಚ್ಚು. ಮೊದಲ ಮೆಕ್ಯಾನಿಕ್ ಹೆಡ್‌ಲೈಟಿನ ತಂತಿಗೇ ನೇರವಾಗಿ ಜೋಡಿಸಿದ್ದರು. ವಾರದೊಳಗೆ ತಂತಿಯ ಹೊದಿಕೆ ಮೆದುವಾಗಿ ಸುಟ್ಟ ವಾಸನೆ ಬಂತು. ಈಗ ಬ್ಯಾಟರಿಯಿಂದ ಫ್ಯೂಸ್, ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸಾಧನ), ಬೇರೆಯೇ ಸ್ವಿಚ್.

ಹಳದಿಯ ಕೊರತೆಯೂ ಇದೆ: ನಾನು ಬಗ್ಗಿಸಿರುವ ಕೋನದಲ್ಲಿ ಅದು 60 ಅಡಿಯ ಆಚೆಗೆ ಹೆಚ್ಚೇನೂ ತೋರಿಸುವುದಿಲ್ಲ. ದೂರಕ್ಕೆ ಹಳೆಯ ಹ್ಯಾಲೊಜೆನ್ನೇ ಗತಿ, ಆದ್ದರಿಂದ ಆ ದಾರಿಯಲ್ಲಿ ರಾತ್ರಿ 50 ಕಿ.ಮೀ. ವೇಗ ಮೀರುವುದನ್ನು ಬಿಟ್ಟಿದ್ದೇನೆ.